ತೋಳಕ್ಕೆ ಬೇಕಿರುವುದು ಬಯಲು

ಕನಕಪುರದಿಂದ ಸಂಗಮಕ್ಕೆ ಹೊರಟ ಬಸ್ಸು ದೊಡ್ಡಆಲಹಳ್ಳಿ ದಾಟುತ್ತಿದ್ದಂತೆ ಹೊಲಗಳು ಕಿರಿದಾಗಿ ಕುರುಚಲು ಗುಡ್ಡಗಳು ಹತ್ತಿರ ಬರುತ್ತವೆ. ಬಿಸಿಲೇರುವ ಹೊತ್ತಿಗೆ ಮನೆಗಳಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಮುಗಿದಿರುತ್ತದೆ. ಆಮೇಲೆ ರೊಪ್ಪದ ತಡಿಕೆ ಸರಿಸಿ ಕುರಿ, ಮೇಕೆಗಳನ್ನು ಬಿಡುತ್ತಾರೆ. ಮುಂದೆ ಕೊರಳಿಗೆ ಗಂಟೆ ಕಟ್ಟಿದ ಹೋತ, ಹಿಂದೆ ದೋಟಿ ಹೊತ್ತ ಅಜ್ಜನೋ ಸ್ಕೂಲು ಬಿಟ್ಟ ಹುಡುಗನೋ. ಸಂಜೆ ಎಣಿಕೆಗೆ ಒಂದು ಮರಿ ಕಡಿಮೆ ಬಂತೆಂದರೆ ಜಗಲಿಯ ಮೇಲೆ ಪಂಚಾಯಿತಿ ಶುರು. ‘ಚಿರತೆ ಕಣ್ಲಾ, ಇನ್ಯಾವುದು ಬಂದಾತು’ ಎಂದು ಹಿರಿಯರು ಅಂದರೆ, ‘ಸೀಳ್ನಾಯಿನೂ ಇರಬೌದು ಕಣಣ್ಣ’ ಎಂದು ಕಿರಿಯರು. ಊರ ಬೀದಿನಾಯಿಗಳ ಮೇಲೂ ಒಂದಿಷ್ಟು ಅನುಮಾನ.

ಈ ಆರೋಪಿಗಳ ಪಟ್ಟಿಯಲ್ಲಿ ತೋಳದ ಹೆಸರು ಬರುವುದು ಅಪರೂಪ. ಆದರೂ ತೋಳ ಯಾರೆಂದು ಗೊತ್ತಿಲ್ಲದ ಮನೆಯಿಲ್ಲ. ‘ತೋಳ ಬಂತು ತೋಳ’ ಎಂದು ಕೂಗಿ ಕೆಟ್ಟ ಹುಡುಗನ ಕಥೆ ಕೇಳದೆ ಬೆಳೆದ ಮಗುವಿಲ್ಲ. ಹೀಗೆ ಕಥೆಯಲ್ಲಿ ಉಳಿದು ನೆಲದಿಂದ ಮರೆಯಾಗುತ್ತಿರುವ ಪ್ರಾಣಿಗೆ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ಈಗ ಸರ್ಕಾರವೇ ಜಾಗ ಗುರುತಿಸಿ ಕೊಟ್ಟಿದೆ.

ಎಂಟು ಮರಿಗಳು

2025ರ ಬೇಸಿಗೆಯಲ್ಲಿ ಕೊಪ್ಪಳ ಜಿಲ್ಲೆಯಿಂದ ಸುದ್ದಿ ಬಂತು. ಬಂಕಾಪುರದ ತೋಳ ವನ್ಯಧಾಮದಲ್ಲಿ ಹೆಣ್ಣು ತೋಳವೊಂದು ಎಂಟು ಮರಿ ಹಾಕಿದೆ ಎಂದು. ಅರಣ್ಯ ಸಚಿವ ಈಶ್ವರ ಖಂಡ್ರೆ ಮರಿಗಳ ಉಳಿವಿನ ಮೇಲೆ ನಿಗಾ ಇಡಲು ಅಧಿಕಾರಿಗಳಿಗೆ ಸೂಚಿಸಿದರು. ಹುಲಿ ಮರಿ ಹಾಕಿದ್ದರೆ ಮುಖಪುಟದಲ್ಲಿ ಚಿತ್ರ ಬರುತ್ತಿತ್ತು. ತೋಳಕ್ಕೆ ಒಳಪುಟದ ಒಂದು ಕಾಲಂ ಸಿಕ್ಕಿತು.

ಈ ಬಂಕಾಪುರ, ಕನಕದಾಸರ ಬಾಡದ ಹತ್ತಿರದ, ಕೋಟೆಯೊಳಗೆ ನವಿಲುಧಾಮ ಇರುವ ಹಾವೇರಿ ಜಿಲ್ಲೆಯ ಬಂಕಾಪುರ ಅಲ್ಲ. ಇದು ಗಂಗಾವತಿ ತಾಲ್ಲೂಕಿನದು. ಏರುತಗ್ಗಿನ ನೆಲ, ಬಂಡೆ ಪೇರಿದ ಸಣ್ಣ ಗುಡ್ಡಗಳು, ಅವುಗಳ ಸಂದಿನಲ್ಲಿ ತಾನಾಗಿ ಆದ ಗವಿಗಳು, ಸುತ್ತ ಹುಲ್ಲು ಮತ್ತು ಮುಳ್ಳುಪೊದೆ. ವನ್ಯಧಾಮದ ವಿಸ್ತೀರ್ಣ 332.68 ಹೆಕ್ಟೇರ್, ಅಂದರೆ 822 ಎಕರೆ. ತೋಳಕ್ಕೆಂದೇ ಮೀಸಲಾದ ವನ್ಯಧಾಮಗಳಲ್ಲಿ ಇದು ದೇಶಕ್ಕೆ ಎರಡನೆಯದು. ಮೊದಲನೆಯದು ಜಾರ್ಖಂಡಿನ ಮಹುವಾಡಾಂಡ್, 1976ರಲ್ಲಿ ಆಗಿನ ಬಿಹಾರ ಸರ್ಕಾರ ಘೋಷಿಸಿದ್ದು.

‘ಎರಡನೆಯದು’ ಎನ್ನುವಾಗ ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಮೇಲುಕೋಟೆಗೆ ಸ್ವಲ್ಪ ಅನ್ಯಾಯವಾಗುತ್ತದೆ. ಮೇಲುಕೋಟೆ ದೇವಾಲಯ ವನ್ಯಜೀವಿಧಾಮ 1974ರಲ್ಲಿ ಘೋಷಣೆಯಾದಾಗ ಅದರ ಹಿಂದಿದ್ದ ಮುಖ್ಯ ಉದ್ದೇಶಗಳಲ್ಲಿ ತೋಳದ ರಕ್ಷಣೆಯೂ ಒಂದು. ವೈರಮುಡಿಗೆ ಹೋಗಿ ಬರುವ ಲಕ್ಷಾಂತರ ಜನರಿಗೆ ಪುಳಿಯೋಗರೆ ಗೊತ್ತು, ಕಲ್ಯಾಣಿ ಗೊತ್ತು. ಚೆಲುವನಾರಾಯಣನ ಬೆಟ್ಟದ ಸುತ್ತಲಿನ 49 ಚದರ ಕಿ.ಮೀ. ಕುರುಚಲು ಕಾಡು ತೋಳದ ಹೆಸರಿನಲ್ಲಿ ಉಳಿದದ್ದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ದೇಶದಲ್ಲಿ ಈಗ ಇರುವ ತೋಳಗಳು ಮೂರು ಸಾವಿರದ ಆಸುಪಾಸು ಎಂಬುದು ವಿಜ್ಞಾನಿಗಳ ಅಂದಾಜು. 2022ರ ಗಣತಿಯಲ್ಲಿ ಹುಲಿಗಳ ಅಂದಾಜು 3,682. ಹುಲಿಗಿಂತ ತೋಳವೇ ಕಡಿಮೆ ಎಂದರೆ ಥಟ್ಟನೆ ನಂಬುವುದು ಕಷ್ಟ.

ಸೀಳುನಾಯಿ ಬೇರೆ, ತೋಳ ಬೇರೆ

ಕಾವೇರಿ ವನ್ಯಜೀವಿಧಾಮದ ಅಂಚಿನಲ್ಲಿರುವ ದೊಡ್ಡಆಲಹಳ್ಳಿ ಸೀಮೆಯವರಿಗೆ ಪರಿಚಯವಿರುವುದು ಸೀಳುನಾಯಿ. ಇಟ್ಟಿಗೆ ಕೆಂಪು ಮೈ, ಕಪ್ಪು ಪೊದೆಬಾಲ, ಗುಂಪಾಗಿ ಜಿಂಕೆ, ಕಡವೆ ಅಟ್ಟುವ ಪ್ರಾಣಿ. ಅದು ಬೊಗಳುವುದಕ್ಕಿಂತ ಸಿಳ್ಳೆ ಹಾಕುವುದೇ ಹೆಚ್ಚು. ಅದಕ್ಕೆ ಮರದ ಕಾಡು ಬೇಕು. ನಾಯಿಯ ಬಳಗವೇ ಆದರೂ ತೋಳದ ಹತ್ತಿರದ ನೆಂಟನಲ್ಲ.

ತೋಳ ಬೂದು ಮಿಶ್ರಿತ ಕಂದು. ಕಾಲು ಉದ್ದ, ಎದೆ ಕಿರಿದು, ಕಣ್ಣು ಹಳದಿ. ನಮ್ಮ ತೋಳದ ತೂಕ ಸಾಧಾರಣವಾಗಿ 20 ಕಿಲೋ ಆಚೀಚೆ; ಸಿನಿಮಾಗಳಲ್ಲಿ ನೋಡುವ ಹಿಮದ ನಾಡಿನ ತೋಳದ ಅರ್ಧ ಎಂದುಕೊಂಡರೆ ಆದೀತು. ಹಿಂಡೂ ಚಿಕ್ಕದು: ಗಂಡು, ಹೆಣ್ಣು, ಆ ವರ್ಷದ ಮರಿಗಳು, ಹೋದ ವರ್ಷದವು ಒಂದೆರಡು. ಮಳೆಗಾಲ ಮುಗಿದ ಮೇಲೆ ಕೂಡುತ್ತವೆ, ಎರಡು ತಿಂಗಳ ಬಸಿರು, ಚಳಿಗಾಲದಲ್ಲಿ ಹೆಚ್ಚಿನ ಹೆರಿಗೆ. ಹೆಣ್ಣು ಗವಿಯಲ್ಲಿದ್ದಾಗ ಗಂಡು ದೂರ ಹೋಗಿ ತಿಂದು ಬಂದು, ನುಂಗಿದ ಮಾಂಸವನ್ನು ಮರಿಗಳ ಮುಂದೆ ಕಕ್ಕುತ್ತದೆ.

ಹುಲ್ಲೆ, ಚಿಂಕಾರ, ಮೊಲ, ಇಲಿ ಇದರ ಹಳೆಯ ಊಟ. ಕಾಲಕ್ಕೆ ಸಿಕ್ಕಿದರೆ ಎಲಚಿಹಣ್ಣನ್ನೂ ಬಿಡದು. ಇವೆಲ್ಲ ಬಯಲಿನ ಸರಕು ಎಂಬುದನ್ನು ಗಮನಿಸಬೇಕು. ಬಂಡೀಪುರದಂಥ ದಟ್ಟ ಕಾಡಿನಲ್ಲಿ ಹುಲಿ, ಚಿರತೆ, ಸೀಳುನಾಯಿಗಳ ನಡುವೆ ತೋಳಕ್ಕೆ ಹೆಚ್ಚು ಕೆಲಸವಿಲ್ಲ. ದೂರಕ್ಕೆ ಕಣ್ಣು ಹಾಯುವ, ಓಡಿ ಬೇಟೆಯಾಡಬಹುದಾದ ತೆರೆದ ನೆಲದಲ್ಲಿ ಅದು ರಾಜ. ನಾವು ಕಾಡುಪ್ರಾಣಿ ಎಂದಾಗ ಮನಸ್ಸಿಗೆ ಬರುವುದು ಮರ. ಸರ್ಕಾರದ ಮನಸ್ಸಿಗೂ ಅದೇ ಬಂತು. ತೋಳದ ತೊಂದರೆ ಅಲ್ಲಿಂದ ಶುರುವಾಯಿತು ಎಂದು ನನ್ನ ಅನಿಸಿಕೆ.

ಇನ್ನೊಂದು ಸಂಗತಿ. 2021ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಭಾರತದ ಬಯಲಿನ ತೋಳ ಈಗ ಬದುಕಿರುವ ತೋಳಗಳಲ್ಲೇ ಬಹಳ ಹಳೆಯ ಕವಲು ಎಂದು ತೋರಿಸಿತು. ಯುರೋಪಿನಿಂದಲೋ ಅಮೆರಿಕದಿಂದಲೋ ತೋಳ ತಂದು ಇಲ್ಲಿನ ಕೊರತೆ ತುಂಬಲು ಆಗದು. ಇರುವ ಮೂರು ಸಾವಿರದಲ್ಲೇ ಕಥೆ ಮುಂದುವರಿಯಬೇಕು.

ತಲೆಗೆ ಇನಾಮು

ಬ್ರಿಟಿಷರ ಕಾಲದಲ್ಲಿ ತೋಳ ಕೊಂದವರಿಗೆ ಇನಾಮು ಸಿಗುತ್ತಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಹಳೆಯ ದಾಖಲೆಗಳನ್ನು ಲೆಕ್ಕ ಹಾಕಿ, 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಇನಾಮಿಗಾಗಿ 80,000ಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆ, ಎರಡು ಲಕ್ಷ ತೋಳಗಳು ಸತ್ತಿರಬಹುದು ಎಂದು ತೋರಿಸಿದ್ದಾರೆ. ತೋಳದ ಸಂಖ್ಯೆಯೇ ದೊಡ್ಡದು. ಬೇಟೆಯ ಹೆಮ್ಮೆಗೆ ಯಾರೂ ತೋಳದ ತಲೆಯನ್ನು ಗೋಡೆಗೆ ಹಾಕಿಸಿಕೊಳ್ಳುತ್ತಿರಲಿಲ್ಲ. ಗವಿಯ ಬಾಯಿಗೆ ಹೊಗೆ ಹಾಕಿ ಮರಿಗಳನ್ನು ಕೊಂದರೂ ಕಾಸು ಬರುತ್ತಿತ್ತು.

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯನ್ನು ನಾವು ಈಗ ಸೋತ ರಾಜಕಾರಣಿಗಳ ಬಗ್ಗೆ ಬಳಸುತ್ತೇವೆ. ಗಾದೆ ಹುಟ್ಟಿದ ಕಾಲದಲ್ಲಿ ಕಲ್ಲು ಬಿದ್ದದ್ದು ನಿಜವಾದ ತೋಳದ ಮೇಲೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈಗ ತೋಳವನ್ನು ಹುಲಿಯ ಸಾಲಿನಲ್ಲೇ, ಒಂದನೇ ಅನುಸೂಚಿಯಲ್ಲಿ ಇಟ್ಟಿದೆ. ಕೊಂದರೆ ಜೈಲು. ಕಾಗದದ ಮೇಲೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಬೀಳು ಎಂದು ಬರೆದ ನೆಲ

ಆದರೆ ಆ ಕಾಯ್ದೆ ತೋಳ ಓಡಾಡುವ ನೆಲವನ್ನು ಕಾಯಲಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಆ ನೆಲಕ್ಕೆ ಹಲವು ಹೆಸರು: ಗೋಮಾಳ, ಹುಲ್ಲುಬನ್ನಿ, ಕಾವಲು, ಖರಾಬು, ಬೀಳು. ಪಹಣಿಯಲ್ಲಿ ಏನು ಬರೆದಿದ್ದರೂ ಅಲ್ಲಿ ಇದ್ದದ್ದು ಹುಲ್ಲು, ಅದರ ಮೇಲೆ ಹುಲ್ಲೆ, ಅದರ ಹಿಂದೆ ತೋಳ. ಮೂರಕ್ಕೂ ಹೊಂದಿಕೊಂಡು ಊರಿನ ದನ ಕುರಿ.

ಇವುಗಳಲ್ಲಿ ದೊಡ್ಡವು ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ, ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಸೈನ್ಯದ ಫಿರಂಗಿ ಎಳೆಯುವ ಎತ್ತುಗಳ ತಳಿಗಾಗಿ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಮೇವಿನ ಬಯಲುಗಳನ್ನು ಕಾದಿರಿಸಿದ್ದರು. ಒಂದು ಕಾಲಕ್ಕೆ ಅವು ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದವು. ಸ್ವಾತಂತ್ರ್ಯಾನಂತರ ‘ಹೆಚ್ಚು ಬೆಳೆ’ ಆಂದೋಲನಕ್ಕೆ, ಭೂಮಿ ಹಂಚಿಕೆಗೆ, ಒತ್ತುವರಿಗೆ, ಕೊನೆಗೆ ಚಳ್ಳಕೆರೆಯ ಕಡೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಆವರಣಗಳಿಗೆ ಹೋಗಿ ಉಳಿದದ್ದು ಸಣ್ಣ ಭಾಗ. ಈ ಕಾರಣಗಳಲ್ಲಿ ಕೆಲವನ್ನು ತಪ್ಪೆನ್ನಲಾಗದು. ಉಣ್ಣಲು ರಾಗಿ ಇಲ್ಲದ ಕಾಲದಲ್ಲಿ ಹುಲ್ಲು ಕಾಯಿರಿ ಎಂದು ಯಾರಿಗೆ ಹೇಳುವುದು?

ತಪ್ಪು ಎನ್ನಲೇಬೇಕಾದದ್ದು ಮರದ ಹುಚ್ಚು. ಹುಲ್ಲುಗಾವಲು ಕಂಡರೆ ‘ಖಾಲಿ ಬಿದ್ದಿದೆ’ ಎಂದು ನೀಲಗಿರಿ ನೆಟ್ಟರು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇದಕ್ಕೆ ಒಳ್ಳೆಯ ಪಾಠ. 119 ಚದರ ಕಿ.ಮೀ. ಇರುವ ಆ ಜಾಗ 1974ರಲ್ಲಿ ವನ್ಯಧಾಮವಾಯಿತು. ಬಯಲಲ್ಲಿ ನೆಗೆಯುವ ಕೃಷ್ಣಮೃಗಕ್ಕೂ ಅದನ್ನು ಬೇಟೆಯಾಡುವ ತೋಳಕ್ಕೂ ಹೇಳಿಮಾಡಿಸಿದ ನೆಲದ ಬಹುಭಾಗವನ್ನು ಅಷ್ಟರೊಳಗೆ ನೀಲಗಿರಿ ತೋಪು ಆವರಿಸಿತ್ತು. ಇತ್ತೀಚೆಗೆ ಮಾತ್ರ ಬಯಲನ್ನೇ ಬಯಲಾಗಿ ಕಾಯುವ ಯೋಚನೆ ಮೂಡಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ 2007ರಲ್ಲಿ ಆಯಿತು. ಬೀಳಗಿ ಕಡೆಯ ಯಡಹಳ್ಳಿ ಚಿಂಕಾರ ವನ್ಯಧಾಮ 2016ರಲ್ಲಿ, ಶಿರಾ ಸೀಮೆಯ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮ 2019ರಲ್ಲಿ ಬಂದವು.

ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿರುವ ರಾಮನಗರ ಜಿಲ್ಲೆಯಲ್ಲಿ ಕಥೆ ಬೇರೆಯಲ್ಲ. ಇಲ್ಲಿನ ಬಯಲಿಗೆ ನೀಲಗಿರಿಯ ಜೊತೆ ಗ್ರಾನೈಟ್ ಕ್ವಾರಿ, ಬಗರ್‌ಹುಕುಂ ಸಾಗುವಳಿ, ಬೆಂಗಳೂರಿನವರ ಫಾರ್ಮ್‌ಹೌಸ್ ಮೂರೂ ಬಂದವು. ಕಾಡಿಗೆ ಕಾವಲು ಸಿಕ್ಕಿತು: 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಮುಂದಿನ ವಿಸ್ತರಣೆಗಳಿಂದ ಬೆಳೆದು ಇಂದು ಸಾವಿರ ಚದರ ಕಿ.ಮೀ. ದಾಟಿದೆ. ಕ್ಯಾಮೆರಾ ಕಟ್ಟಿ ನೋಡಿದಾಗ ಅಲ್ಲಿ ತರಕರಡಿಯಂಥ, ರಾಜ್ಯದಲ್ಲಿ ಅದುವರೆಗೆ ಚಿತ್ರಕ್ಕೆ ಸಿಗದಿದ್ದ ಪ್ರಾಣಿಯೂ ಸಿಕ್ಕಿತು. ಆದರೆ ಕಾಡಿಗೂ ಊರಿಗೂ ನಡುವಿನ ಗೋಮಾಳವನ್ನು ಅಷ್ಟೇ ಆಸ್ಥೆಯಿಂದ ಕಾಯಲು ಯಾವ ಇಲಾಖೆಯೂ ಇರಲಿಲ್ಲ.

ಮೂರು ಚದರ ಕಿಲೋಮೀಟರಿನ ಲೆಕ್ಕ

ಬಂಕಾಪುರಕ್ಕೆ ಮರಳೋಣ. ಆ ಭಾಗದಲ್ಲಿ 35–40 ತೋಳಗಳಿವೆ ಎಂಬುದು ಅಂದಾಜು. ವನ್ಯಧಾಮವೋ 3.3 ಚದರ ಕಿ.ಮೀ. ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಅನುಸರಿಸಿದ ಅಧ್ಯಯನಗಳ ಪ್ರಕಾರ ಒಂದೇ ಹಿಂಡಿನ ಓಡಾಟ ನೂರು ಚದರ ಕಿ.ಮೀ. ದಾಟಿ ಇನ್ನೂರರ ಹತ್ತಿರಕ್ಕೂ ಹೋಗುತ್ತದೆ. ಲೆಕ್ಕ ಕೂಡುವುದಿಲ್ಲ.

ಕೂಡದಿರುವುದೇ ಇಲ್ಲಿನ ವಿಷಯ. ಆ 822 ಎಕರೆ ತೋಳಕ್ಕೆ ಬಾಣಂತಿ ಕೋಣೆ; ಮನೆ, ಹಿತ್ತಲು, ಅಡುಗೆ ಎಲ್ಲ ಹೊರಗೆ. ಗವಿಯಲ್ಲಿ ಹೆತ್ತು, ಕತ್ತಲಾದ ಮೇಲೆ ಹೊಲಗಳ ಬದು ಹಿಡಿದು, ಹಳ್ಳದ ಮರೆಯಲ್ಲಿ, ಸಜ್ಜೆ ಜೋಳದ ನಡುವೆ ಹಾದು, ಊರಾಚೆ ತಂಗಿದ ಕುರಿಮಂದೆಯ ಸುತ್ತ ಸುಳಿದು, ಬೆಳಗಾಗುವುದರೊಳಗೆ ವಾಪಸ್. ಬೇಲಿ ಹಾಕಿ ತೋಳವನ್ನು ಒಳಗೇ ಇಟ್ಟರೆ ಒಂದೇ ವಾರದಲ್ಲಿ ಊಟಕ್ಕೆ ತತ್ವಾರ.

ರಾಮನಗರದವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ‘ಶೋಲೆ’ ಚಿತ್ರೀಕರಣದಿಂದ ಹೆಸರಾದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮ ಎಂದು ಘೋಷಿಸಿದರು. ವಿಸ್ತೀರ್ಣ 346 ಹೆಕ್ಟೇರ್, ಹೆಚ್ಚುಕಡಿಮೆ ಬಂಕಾಪುರದಷ್ಟೇ. ಬಂಡೆಯ ಮೇಲಿನ ಗೂಡಿಗೆ ರಕ್ಷಣೆ ಸಿಕ್ಕಿತು. ಹದ್ದು ಮಾತ್ರ ತಿನ್ನಲು ಹಾರಿದ್ದು ಸುತ್ತಲ ಹಳ್ಳಿಗಳ ಮೇಲೆ. ಅಲ್ಲಿ ಸತ್ತ ದನದ ಮೈಯಲ್ಲಿ ಡೈಕ್ಲೋಫೆನಾಕ್ ಇದ್ದರೆ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಹೋಗುತ್ತದೆ. ಜಾನುವಾರುಗಳಿಗೆ ಆ ನೋವಿನ ಔಷಧಿ ಕೊಡುವುದನ್ನು ದೇಶದಲ್ಲಿ 2006ರಲ್ಲೇ ನಿಷೇಧಿಸಿದರು. ಆದರೂ ರಾಮನಗರದಲ್ಲಿ ಹದ್ದುಗಳು ಬೆರಳೆಣಿಕೆಗೆ ಇಳಿದವು. ದನ ಸತ್ತರೆ ಹೂಳುವ ರೂಢಿ ಬಂದಿರುವಲ್ಲಿ ಅವಕ್ಕೆ ಊಟವೂ ಇಲ್ಲ. ಗೂಡು ಕಾದರೆ ಹಕ್ಕಿ ಉಳಿಯುತ್ತದೆ ಎಂಬ ಲೆಕ್ಕ ಅಲ್ಲೂ ಕೂಡಲಿಲ್ಲ.

ಅಮೆರಿಕಕ್ಕೆ ಹಿಡಿದು ತಂದವು

ತೋಳ ಮರಳಿತು ಎಂದ ಕೂಡಲೇ ಜಗತ್ತು ಕೊಡುವ ಉದಾಹರಣೆ ಯೆಲ್ಲೋಸ್ಟೋನ್. ಸುಮಾರು 9,000 ಚದರ ಕಿ.ಮೀ. ಇರುವ ಆ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ಕೊನೆಯ ತೋಳಗಳನ್ನು ಸರ್ಕಾರವೇ ಕೊಲ್ಲಿಸಿತ್ತು. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮಿತಿಮೀರಿ ಹೆಚ್ಚಿ ಹೊಳೆದಂಡೆಯ ಎಳೆಯ ಗಿಡಗಳನ್ನೆಲ್ಲ ಮೇಯ್ದವು. ಎಪ್ಪತ್ತು ವರ್ಷಗಳ ಮೇಲೆ, 1995 ಮತ್ತು 1996ರಲ್ಲಿ, ಕೆನಡಾದಿಂದ 31 ತೋಳಗಳನ್ನು ಹಿಡಿದು ತಂದು ಬಿಟ್ಟರು. ಎಲ್ಕ್ ಕಡಿಮೆಯಾದವು, ಕೆಲವೆಡೆ ಹೊಳೆದಂಡೆಯ ಗಿಡ ಚಿಗುರಿತು, ಬೀವರ್‌ಗಳು ಹೆಚ್ಚಿದವು. ಇದಕ್ಕೆಲ್ಲ ತೋಳವೊಂದೇ ಕಾರಣವೇ ಎಂದು ಅಲ್ಲಿನ ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ, ತೋಳ ಬಂದು ನದಿಯ ದಿಕ್ಕೇ ಬದಲಾಯಿತೆನ್ನುವ ವಿಡಿಯೊವನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ನೋಡುವುದು ಒಳ್ಳೆಯದು.

ಯುರೋಪಿನಲ್ಲಿ ಯಾರೂ ತಂದು ಬಿಡಲಿಲ್ಲ. ಪೋಲೆಂಡ್ ಕಡೆಯಿಂದ ನಡೆದು ಬಂದ ತೋಳಗಳು 2000ದಲ್ಲಿ ಜರ್ಮನಿಯಲ್ಲಿ ಮರಿ ಹಾಕಿದವು. ಒಂದೂವರೆ ಶತಮಾನದಲ್ಲಿ ಅದೇ ಮೊದಲು. ಹಿಂಡು ಹೆಚ್ಚಿತು, ಕುರಿ ಸತ್ತವು, ರೈತರು ಬೀದಿಗಿಳಿದರು. 2025ರಲ್ಲಿ ಐರೋಪ್ಯ ಒಕ್ಕೂಟ ತೋಳದ ರಕ್ಷಣೆಯ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿತು. ನೂರಕ್ಕೂ ಹೆಚ್ಚು ವರ್ಷ ತೋಳವಿಲ್ಲದೆ ಬದುಕಿದ ಕುರಿಗಾರರಿಗೆ ಅದರ ಜೊತೆ ಬಾಳುವ ರೂಢಿಯೇ ತಪ್ಪಿಹೋಗಿತ್ತು.

ಕರ್ನಾಟಕದ್ದು ಇವೆರಡೂ ಅಲ್ಲ. ಬಂಕಾಪುರಕ್ಕೆ ಯಾರೂ ತೋಳ ತರಲಿಲ್ಲ, ತೋಳವೂ ಎಲ್ಲಿಂದಲೋ ಬರಲಿಲ್ಲ. ಅದು ಅಲ್ಲೇ ಇತ್ತು. ಇಷ್ಟು ವರ್ಷ ಅದನ್ನು ಕಂಡವರು ಕುರಿಗಾರರು ಮಾತ್ರ. ಈಗ ಇಲಾಖೆಯೂ ಕಂಡಿದೆ.

ಕುರಿಗಾರರ ಕಡೆಯ ಮಾತು

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಒಂದು ಕೋಟಿ ಹತ್ತು ಲಕ್ಷ ಕುರಿಗಳಿವೆ. ಕನಕಪುರದ ನೆರೆಯ ಮಳವಳ್ಳಿ ಸೀಮೆಯ ಬಂಡೂರು ಕುರಿ ಮಾಂಸಕ್ಕೆ ಹೆಸರುವಾಸಿ. ಹತ್ತು–ಇಪ್ಪತ್ತು ಸಾಕಿ ಮನೆ ಹತ್ತಿರವೇ ಮೇಯಿಸುತ್ತಾರೆ. ಕೊಪ್ಪಳ, ರಾಯಚೂರು ಕಡೆಯ ಕೆಂಗುರಿಯ ಬದುಕು ಬೇರೆ. ಅಲ್ಲಿ ನೂರಾರು ಕುರಿಯ ಹಿಂಡು, ಊರೂರು ಅಲೆತ, ರಾತ್ರಿ ಯಾರದೋ ಹೊಲದಲ್ಲಿ ಮಂದೆ. ಹಿಕ್ಕೆ ಗೊಬ್ಬರಕ್ಕಾಗಿ ಹೊಲದವರು ಕಾಳೋ ಕಾಸೋ ಕೊಡುತ್ತಾರೆ. ಸುತ್ತ ಬಲೆ ಕಟ್ಟಿ, ಎಳೆ ಮರಿಗಳನ್ನು ಪುಟ್ಟಿಯ ಕೆಳಗೆ ಮುಚ್ಚಿ, ನಾಲ್ಕು ಮೂಲೆಗೆ ನಾಯಿ ಬಿಟ್ಟು, ಕಂಬಳಿ ಹೊದ್ದು ಮಲಗಿದರೂ ನಿದ್ದೆ ಅರ್ಧವೇ.

ತೋಳದ ಕೆಲಸ ಚಿರತೆಯಂತಲ್ಲ. ಚಿರತೆ ಕೊಂದು ಅಲ್ಲೇ ಎಳೆದು ತಿಂದರೆ ಗುರುತು ಉಳಿಯುತ್ತದೆ. ಎರಡು ತೋಳ ಜೊತೆಯಾದರೆ ಒಂದು ಬದುವಿನ ಮೇಲೆ ಕಾಣಿಸಿಕೊಂಡು ನಾಯಿಗಳನ್ನೂ ಆಳುಗಳನ್ನೂ ಆ ಕಡೆ ಸೆಳೆಯುತ್ತದೆ, ಇನ್ನೊಂದು ಈ ಕಡೆಯಿಂದ ಮರಿ ಕಚ್ಚಿ ಬೆನ್ನಿಗೆ ಹಾಕಿಕೊಂಡು ಓಡುತ್ತದೆ ಎಂದು ಕುರಿಗಾರರು ವರ್ಣಿಸುತ್ತಾರೆ. ಹೆಣ ಸಿಗದು. ಪರಿಹಾರಕ್ಕೆ ಅರಣ್ಯ ಇಲಾಖೆ ಕೇಳುವುದು ಹೆಣ, ಫೋಟೊ, ಮಹಜರು, ಪಶುವೈದ್ಯರ ಪತ್ರ. ಸ್ವಂತ ತಾಲ್ಲೂಕು ಬಿಟ್ಟು ಮೂರು ಜಿಲ್ಲೆ ಆಚೆ ಮಂದೆ ಹಾಕಿರುವ ಮನುಷ್ಯ ಒಂದು ಮರಿಗಾಗಿ ಹಿಂಡು ಬಿಟ್ಟು ಕಚೇರಿ ಅಲೆಯಲಾರ.

ಹಾಗಿದ್ದೂ ಹಿಂಡಿನಲ್ಲಿ ತೋಳಕ್ಕೂ ಒಂದು ಪಾಲು ಎನ್ನುವ ಮಾತು ದಖ್ಖನ್ನಿನ ಕುರಿಗಾಹಿಗಳಲ್ಲಿ ಹಳೆಯದು. ಈ ಮಾತನ್ನು ಕೇಳಿ ನಗರದವರು ಪುಳಕಗೊಳ್ಳುವುದುಂಟು. ಪುಳಕಕ್ಕೆ ಮುಂಚೆ ಒಂದು ಮರಿಯ ಬೆಲೆ ಕೇಳಿಕೊಳ್ಳಬೇಕು. ಇವತ್ತು ಒಂದು ಮರಿ ಎಂದರೆ ಸಾವಿರಾರು ರೂಪಾಯಿ. ಪಾಲು ಕೊಡುವ ದೊಡ್ಡಸ್ತಿಕೆ ಇನ್ನೂ ಉಳಿದಿರುವುದು ಹಿಂಡು ದೊಡ್ಡದಿರುವವರೆಗೆ, ಮೇಯಿಸಲು ಬಯಲಿರುವವರೆಗೆ. ಬಯಲು ಹೋಗಿ ಹಿಂಡು ಇಪ್ಪತ್ತಕ್ಕೆ ಇಳಿದರೆ ಒಂದು ಮರಿಯೂ ದೊಡ್ಡ ನಷ್ಟ. ಆಗ ಹೊಗೆಯೋ ವಿಷವೋ ನೆನಪಾಗುತ್ತದೆ.

ವಿಷದ ಮಾತು ದೂರದ್ದಲ್ಲ. ಕಾವೇರಿ ವನ್ಯಜೀವಿಧಾಮಕ್ಕೆ ಹೊಂದಿಕೊಂಡ ಮಲೆಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್ ತಿಂಗಳಲ್ಲಿ ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ಹುಲಿಯಾದ್ದರಿಂದ ದೇಶವೆಲ್ಲ ಸುದ್ದಿಯಾಯಿತು. ತೋಳ ಹೀಗೆ ಸತ್ತರೆ ಎಣಿಕೆಗೇ ಸಿಗುವುದಿಲ್ಲ.

ಬೀದಿನಾಯಿಯ ನೆಂಟಸ್ತಿಕೆ

ತೋಳದ ಇನ್ನೊಂದು ಕಂಟಕ ನಾಯಿ. ಊರ ಹೊರಗಿನ ಕೋಳಿಫಾರಂ ಕಸ, ಮಾಂಸದ ಅಂಗಡಿಗಳ ತ್ಯಾಜ್ಯ ತಿಂದು ಹೆಚ್ಚಿದ ನಾಯಿಗುಂಪುಗಳು ಬಯಲಿಗೂ ಬರುತ್ತವೆ. ಅವುಗಳಿಂದ ತೋಳಕ್ಕೆ ಡಿಸ್ಟೆಂಪರ್ ಎಂಬ ಜ್ವರ ಮತ್ತು ರೇಬಿಸ್ ಹರಡುತ್ತದೆ. ಗವಿಯ ಮರಿಗಳಿಗೆ ಡಿಸ್ಟೆಂಪರ್ ತಗುಲಿದರೆ ಒಂದೂ ಉಳಿಯದಿರಬಹುದು. ನಾಯಿಯಿಂದ ಎರಡನೆಯ ಅಪಾಯ ಕೂಡಿಕೆ. ಜೋಡಿ ಸಿಗದ ಒಂಟಿ ತೋಳ ನಾಯಿಯೊಂದಿಗೆ ಕೂಡುತ್ತದೆ. ಪುಣೆಯ ಆಸುಪಾಸಿನಲ್ಲಿ ತೋಳ–ನಾಯಿ ಬೆರಕೆಯ ಪ್ರಾಣಿಗಳಿರುವುದನ್ನು ವಂಶವಾಹಿ ಪರೀಕ್ಷೆ ಖಚಿತಪಡಿಸಿದೆ. ಸಾವಿರಾರು ವರ್ಷಗಳ ಹಳೆಯ ಕವಲು ಒಂದೆರಡು ತಲೆಮಾರಿನಲ್ಲಿ ಕಲಸಿಹೋಗಬಹುದು. ಇದಕ್ಕೆ ಮದ್ದು ಕಾಡಿನೊಳಗಿಲ್ಲ. ಗ್ರಾಮ ಪಂಚಾಯಿತಿ ಕಸ ಎತ್ತಿಸಬೇಕು, ಪಶು ಆಸ್ಪತ್ರೆ ನಾಯಿಗಳಿಗೆ ಲಸಿಕೆ ಹಾಕಬೇಕು.

ಮನುಷ್ಯರ ಮೇಲಿನ ದಾಳಿಯ ಭಯವನ್ನು ಮುಚ್ಚಿಡುವುದು ಬೇಡ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳದ ದಾಳಿಗೆ ಹಲವರು ಸತ್ತರು, ಹೆಚ್ಚಿನವರು ಮಕ್ಕಳು. ಬಾಗಿಲಿಲ್ಲದ ಮನೆ, ಅಂಗಳದಲ್ಲಿ ನಿದ್ದೆ, ಪ್ರವಾಹದಿಂದ ಜಾಗ ತಪ್ಪಿದ ಹಿಂಡು ಎಲ್ಲವೂ ಕೂಡಿ ಬಂದ ದುರಂತ ಅದು. ಬಯಲುಸೀಮೆಯಲ್ಲಿ ತೋಳವೂ ಕುರಿಗಾರರ ಮಕ್ಕಳೂ ಒಂದೇ ನೆಲದಲ್ಲಿ ಬೆಳೆದಿದ್ದಾರೆ, ಆದರೂ ಇಂಥ ದಾಳಿ ತೀರಾ ಅಪರೂಪ. ಹಗಲಲ್ಲೇ ಊರಿಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚುವ ತೋಳಕ್ಕೆ ರೇಬಿಸ್ ಇರುವ ಸಾಧ್ಯತೆ ಹೆಚ್ಚು. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಟಿ ಔಷಧಿ, ಮಂತ್ರ ಎಂದು ಒಂದು ದಿನ ಕಳೆದರೂ ಜೀವಕ್ಕೆ ಕುತ್ತು.

ಮರಿಗಳು ಎಲ್ಲಿಗೆ ಹೋಗಬೇಕು?

ವರ್ಷ, ಎರಡು ವರ್ಷ ತುಂಬಿದ ತೋಳ ಹುಟ್ಟಿದ ಹಿಂಡು ಬಿಟ್ಟು ತನ್ನದೇ ಜಾಗ, ಜೋಡಿ ಹುಡುಕಿಕೊಂಡು ಹೊರಡುತ್ತದೆ. ನೂರಾರು ಕಿಲೋಮೀಟರ್ ನಡೆದ ಉದಾಹರಣೆಗಳಿವೆ. ಬಂಕಾಪುರದ ಎಂಟರಲ್ಲಿ ಬದುಕಿ ಉಳಿದವು ಹೊರಡುವ ಕಾಲ ಇದೇ. ಅವುಗಳ ದಾರಿಯಲ್ಲಿ ನಾಲ್ಕು ಪಥದ ಹೆದ್ದಾರಿ, ಗಾಳಿಯಂತ್ರಗಳ ಸಾಲು, ಬೇಲಿ ಹಾಕಿದ ಸೋಲಾರ್ ಪಾರ್ಕುಗಳು ಸಿಗುತ್ತವೆ. ಪಾವಗಡದ ಒಂದು ಸೋಲಾರ್ ಪಾರ್ಕೇ 13,000 ಎಕರೆ. ಪರಿಸರ ಉಳಿಸುವ ಕರೆಂಟಿಗೂ ಮೊದಲು ಕಣ್ಣು ಬೀಳುವುದು ‘ಖಾಲಿ’ ನೆಲದ ಮೇಲೆಯೇ.

ವನ್ಯಧಾಮದ ಒಳಗೆ ಕುರಿ ಮೇಯಿಸುವುದನ್ನು ನಿಲ್ಲಿಸಬೇಕು ಎಂಬ ಒತ್ತಾಯ ಇಂಥ ಕಡೆಗಳಲ್ಲಿ ಏಳುವುದು ವಾಡಿಕೆ. ಹುಲಿ ಕಾಡಿನ ಕಾನೂನನ್ನು ಬಯಲಿಗೆ ಹೊದಿಸುವ ಯೋಚನೆ ಅದು. ಹುಲ್ಲೆ ಇಲ್ಲದಾದ ನೆಲದಲ್ಲಿ ಕುರಿಯನ್ನೂ ಓಡಿಸಿದರೆ ತೋಳ ಅದರ ಹಿಂದೆಯೇ ಹೊರಟುಹೋಗುತ್ತದೆ. ಮರಿ ಹಾಕುವ ಕಾಲದ ಮೂರು ತಿಂಗಳು ಗವಿಗಳ ಸುತ್ತ ಯಾರೂ ಹೋಗದಂತೆ ನೋಡಿಕೊಂಡು, ಉಳಿದ ಕಾಲ ಮೇವಿಗೆ ಬಿಟ್ಟು, ಕುರಿ ಹೋದವರಿಗೆ ಸ್ಥಳದಲ್ಲೇ ಪರಿಹಾರ ಕೊಡುವುದು ಸಾಧ್ಯವಿರುವ ಕೆಲಸ. ಗವಿ ಕಂಡವರು, ವಿಷ ಹಾಕಿದ್ದು ತಿಳಿದವರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಬಹುದು.

ಕನಕಪುರದ ಕಡೆಗೂ ಇದರಲ್ಲಿ ಕೆಲಸವಿದೆ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ದೊಡ್ಡಆಲಹಳ್ಳಿಯಂಥ ಊರಿನಲ್ಲಿ ರಾಸು ಎಷ್ಟು, ಗೋಮಾಳ ಎಷ್ಟು ಉಳಿದಿದೆ ಎಂದು ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಕೇಳಬಹುದು. ಸರ್ವೆ ನಂಬರುಗಳ ಕಡತ ತಾಲ್ಲೂಕು ಕಚೇರಿಯಲ್ಲಿದೆ.